ಎಂಟು ಪ್ರಶ್ನೆಚಿಹ್ನೆಗಳು

ಕಳೆದ ವಸ್ತುಗಳ ಕೋಣೆ, ಬಸ್ ನಿಲ್ದಾಣ
ಫೆಬ್ರವರಿ ಹದಿನೆಂಟು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಗುಬ್ಬಿ,

ನಿನ್ನ ಸೋದರಮಾವ ಕ್ಷೇಮ. ನೀನು ಹೇಗಿದ್ದೀಯ? ಬಂದರಿನ ಕ್ರೇನಿನ ತುದಿಯಲ್ಲಿ ಗಾಜಿನ ಗೂಡಿನೊಳಗೆ ಕೂತು ದಿನವಿಡೀ ಕೆಳಗೆ ನೋಡಿ ನೋಡಿ ಕತ್ತು ಹಿಡಿದುಕೊಂಡಿದೆ ಎಂದು ಬರೆದಿದ್ದೆಯಲ್ಲ, ಈಗ ವಾಸಿಯೇ? ಬಿಸಿನೀರಿನ ಚೀಲ ಇಟ್ಟುಕೋ, ದಿಂಬು ತೆಗೆದುಬಿಟ್ಟು ಮಲಗು. ಅಲ್ಲಿ ಮೇಲೆ ತಲೆ ಸುತ್ತುವುದಿಲ್ಲ ಎಂದು ನೀನು ಬರೆದದ್ದನ್ನು ನಿನ್ನಮ್ಮ ನಂಬಿಲ್ಲ. ನಾನು ನಂಬಿದ್ದೇನೆ, ಯಾಕೆಂದರೆ ಆ ಧೈರ್ಯ ನಿನಗೆ ನನ್ನಿಂದಲೇ ಬಂದಿರುವುದು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯ ನೀರಿನ ಟ್ಯಾಂಕು ಹತ್ತಿ ನಿಂತಿದ್ದೆ, ಇಡೀ ಶಾಲೆ ಕೆಳಗೆ ನೆರೆದು ಬಾಯಿ ಬಿಟ್ಟುಕೊಂಡು ನೋಡಿತ್ತು. ಇಳಿಯಲು ಬಾರದೆ ಅತ್ತ ಎಂದು ನಿನ್ನಮ್ಮ ಹೇಳುತ್ತಾಳೆ. ಅದು ಅವಳು ಆಮೇಲೆ ಸೇರಿಸಿದ್ದು. ಅವಳೂ ಚೆನ್ನಾಗಿದ್ದಾಳೆ. ದಿನಕ್ಕೊಂದು ಸಲ ನನ್ನನ್ನು ಬೈಯುತ್ತಾಳೆ, ಭಾನುವಾರ ಎರಡು ಸಲ, ಹಾಗಾಗಿ ಅವಳ ಆರೋಗ್ಯದ ಬಗ್ಗೆ ನಿನಗೆ ಚಿಂತೆ ಬೇಡ. ನನ್ನ ಮೊಣಕಾಲು ಮೆಟ್ಟಿಲು ಕಂಡಾಗ ಮಾತ್ರ ತಾನಿದ್ದೇನೆ ಎಂದು ನೆನಪು ಮಾಡುತ್ತದೆ, ಉಳಿದಂತೆ ತಕರಾರಿಲ್ಲ.

ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಮಾವ ಮರೆತ ಎಂದುಕೊಳ್ಳಬೇಡ. ಬರೆಯುವ ಸಂಗತಿ ಒಂದರ ಹಿಂದೆ ಒಂದು ಬೆಳೆಯುತ್ತಲೇ ಹೋಯಿತು, ನಿಂತಮೇಲೆ ಬರೆಯೋಣ ಎಂದು ಕಾದೆ. ‘ಕಂಪ್ಯೂಟರ್ ಕೆಲಸ ಹೇಗೆ ನಡೀತಿದೆ ಮಾವ’ ಎಂದು ಕೇಳಿದ್ದೆಯಲ್ಲ, ಅದಕ್ಕೆ ಒಂದೇ ಮಾತಿನ ಉತ್ತರ: ಈ ನಿಲ್ದಾಣದಲ್ಲಿ ಕಂಪ್ಯೂಟರಿಗೆ ಅಪ್ಪಣೆ ಬರೆದಿಡುವ ಮ್ಯಾಕ್ರೋ ವಿದ್ಯೆ ಬಲ್ಲ ಏಕೈಕ ಗಂಡಸು ಇವತ್ತು ನಿನ್ನ ಮಾವ. ಟಿಕೆಟ್ ಕಿಟಕಿಯವನು ಕೂಡ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಎದ್ದು ನಿಲ್ಲುವುದು ಟೀಗೆ ಹೋಗಲಿಕ್ಕೆ ಎಂದು ಕೆಲವರು ಹೇಳಬಹುದು, ಕಿವಿಗೆ ಹಾಕಿಕೊಳ್ಳಬೇಡ. ಆದರೆ ಅದೇ ವಿದ್ಯೆ ನನ್ನನ್ನು ಪಾರ್ಸೆಲ್ ಶೆಡ್ಡಿನ ಬಾಗಿಲ ತನಕ ಎಳೆದುಕೊಂಡು ಹೋಗಿತ್ತು ಎನ್ನುವುದನ್ನೂ ಹೇಳಬೇಕು. ಮೊದಲಿನಿಂದ ಹೇಳುತ್ತೇನೆ.

ನಮ್ಮ ಕೋಣೆಯನ್ನು ನೀನು ನೋಡಿದ್ದೀಯ. ಆರನೇ ಪ್ಲಾಟ್‌ಫಾರ್ಮಿನ ಹಿಂದೆ, ಒಂದು ಕಿಟಕಿ, ನಾಲ್ಕು ಕಬ್ಬಿಣದ ರ‍್ಯಾಕು, ಒಂದು ಮೇಜು, ಅದರ ಮೇಲೆ ಕಂಪ್ಯೂಟರ್. ಬಸ್ಸಿನಲ್ಲಿ ಜನ ಬಿಟ್ಟುಹೋದದ್ದೆಲ್ಲ ಇಲ್ಲಿಗೆ ಬರುತ್ತದೆ. ಈಗ ಅರವತ್ತಮೂರು ಛತ್ರಿ ಇವೆ, ಎಡಗಾಲಿನ ಬೂಟು ಒಂದು, ಗಾಜಿನ ಲೋಟದಲ್ಲಿ ಒಂದು ಜೊತೆ ಕಟ್ಟಿಸಿದ ಹಲ್ಲು, ಯಾರದೋ ಮದುವೆಯ ಚೌಕಟ್ಟು ಹಾಕಿದ ಫೋಟೋ, ಇನ್ನೂ ಓಡುತ್ತಿರುವ ಒಂದು ಗೋಡೆ ಗಡಿಯಾರ. ಮದುವೆಯ ಫೋಟೋ ಹೇಗೆ ಮರೆತು ಹೋಗುತ್ತಾರೋ ಗೊತ್ತಿಲ್ಲ, ಬಹುಶಃ ಬೇಕೆಂದೇ. ಬಂದ ವಸ್ತುವಿಗೆ ನಂಬರು ಬರೆದ ರಟ್ಟಿನ ಚೀಟಿ ಕಟ್ಟಬೇಕು, ನೀನು ಕಂಪ್ಯೂಟರಿನಲ್ಲಿ ಮಾಡಿಕೊಟ್ಟ ಪಟ್ಟಿಯಲ್ಲಿ ಅದೇ ನಂಬರಿನ ಎದುರು ಏನು, ಯಾವ ಬಸ್ಸು, ಎಷ್ಟು ಗಂಟೆ ಎಂದು ತುಂಬಬೇಕು. ಬೆಳಿಗ್ಗೆ ಆರರಿಂದ ಎರಡರವರೆಗೆ ನಾನು. ಎರಡರಿಂದ ರಾತ್ರಿ ಎಂಟರವರೆಗೆ ಒಬ್ಬ ಹೆಂಗಸು. ನೀನು ಹೋದ ಮೇಲೆ ಬಂದವರು, ಅವರನ್ನು ನೀನು ನೋಡಿಲ್ಲ. ಗಡಿಯಾರದ ಮುಳ್ಳು ಎರಡನ್ನು ಮುಟ್ಟುವಾಗ ಅವರ ಚಪ್ಪಲಿ ಹೊಸ್ತಿಲು ಮುಟ್ಟುತ್ತದೆ, ಒಂದು ನಿಮಿಷ ಆಚೆಯಿಲ್ಲ ಈಚೆಯಿಲ್ಲ. ಅದಕ್ಕೇ ನಿಲ್ದಾಣದವರೆಲ್ಲ ಅವರನ್ನು ‘ಎರಡು ಗಂಟೆಯವರು’ ಎನ್ನುತ್ತಾರೆ. ನನ್ನನ್ನು ಏನೆನ್ನುತ್ತಾರೆ ನಿನಗೆ ಗೊತ್ತು. ಛತ್ರಿಗಳನ್ನು ಕಾಯುವವನು ಎಂಬ ಅರ್ಥದಲ್ಲಿ ಹಾಗೆನ್ನುತ್ತಾರೆ ಎಂದು ನಾನು ಇಪ್ಪತ್ತು ವರ್ಷದಿಂದ ವಾದಿಸಿಕೊಂಡು ಬಂದಿದ್ದೇನೆ. ಎರಡು ಗಂಟೆಯವರು ಮೊದಲ ದಿನವೇ ‘ಓ, ಛತ್ರಿಯವರು ನೀವೇನಾ, ನೋಡಿದ್ರೇ ಗೊತ್ತಾಗುತ್ತೆ’ ಅಂದರು. ಅವತ್ತಿನಿಂದ ನನಗೂ ಅವರಿಗೂ ಸರಿಬರಲಿಲ್ಲ.

ಸರಿಬಾರದ್ದಕ್ಕೆ ನಿಜವಾದ ಕಾರಣ ಬೇರೆಯದು. ಪಟ್ಟಿಯಿಂದ ವಸ್ತುಗಳು ಮಾಯವಾಗತೊಡಗಿದವು. ವಸ್ತು ರ‍್ಯಾಕಿನಲ್ಲೇ ಇರುತ್ತದೆ, ಪಟ್ಟಿಯಲ್ಲಿ ಇರುವುದಿಲ್ಲ. ಒಬ್ಬ ವಯಸ್ಸಾದ ದರ್ಜಿ ತನ್ನ ಕತ್ತರಿ ಹುಡುಕಿಕೊಂಡು ಬಂದ. ಮೂವತ್ತು ವರ್ಷ ಕೈಯಲ್ಲಿದ್ದ ಕತ್ತರಿಯಂತೆ, ಹಿಡಿಯ ಒಳಗೆ ಅವನ ಹೆಬ್ಬೆರಳಿನ ಗುಂಡಿಯೇ ಬಿದ್ದಿದೆಯಂತೆ. ಪಟ್ಟಿ ನೋಡಿದೆ, ಕತ್ತರಿಯೇ ಇಲ್ಲ. ‘ಇಲ್ಲ ಸ್ವಾಮಿ’ ಎಂದು ಕಳಿಸಿದೆ. ಅವನ ಮುಖ ಈಗಲೂ ಕಣ್ಣ ಮುಂದಿದೆ. ಮೂರನೇ ದಿನ ಛತ್ರಿಗಳ ಸಾಲು ಸರಿಸುವಾಗ ಕತ್ತರಿ ಅಲ್ಲೇ ಕೂತಿತ್ತು, ಚೀಟಿಯ ಮೇಲೆ ನನ್ನದೇ ಅಕ್ಷರ, ಇನ್ನೂರ ಹನ್ನೊಂದು. ಪಟ್ಟಿಯಲ್ಲಿ ಇನ್ನೂರ ಹನ್ನೊಂದರ ಎದುರು ಯಾವುದೋ ಟೋಪಿ. ಇಂಥದ್ದು ಐದು ಸಲ ಆಯಿತು. ಬಸ್ಸಿನಲ್ಲಿ ಒಂದು ಸಲ ಕಳೆದದ್ದು ನಮ್ಮಲ್ಲಿ ಎರಡನೇ ಸಲ ಕಳೆದುಹೋಗುತ್ತಿತ್ತು. ನಾನು ಬರೆದದ್ದು ನನಗೆ ನೆನಪಿದೆ, ಹಾಗಾದರೆ ಅಳಿಸಿದ್ದು ಯಾರು? ಕೋಣೆಯಲ್ಲಿ ಇರುವುದು ಇಬ್ಬರೇ. ‘ನನ್ನ ನಂಬರಿನ ಮೇಲೆ ನೀವು ನಿಮ್ಮ ಟೋಪಿ ಇಡ್ತಿದ್ದೀರಿ’ ಎಂದೆ. ‘ನಿಮ್ಮ ತಲೆಗೆ ಟೋಪಿ ಇಡೋಕೆ ನನಗೆ ಪುರುಸೊತ್ತಿಲ್ಲ’ ಅಂದರು.

ಐದನೆಯ ದೂರು ಮ್ಯಾನೇಜರರ ತನಕ ಹೋಯಿತು. ಅವರು ಇಬ್ಬರನ್ನೂ ನಿಲ್ಲಿಸಿ ಸಿಟ್ಟಿಲ್ಲದ ದನಿಯಲ್ಲಿ ಮಾತಾಡಿದರು. ಅವರು ಸಿಟ್ಟಾಗದೆ ಮಾತಾಡಿದರೇ ನಮಗೆ ಭಯ. ‘ಮುಂದಿನ ಮಂಗಳವಾರ ಎರಡೂವರೆಗೆ ಬರ್ತೀನಿ. ಯಾರ ಪಾಳಿಯಲ್ಲಿ ಹೋಗ್ತಿದೆ ಅಂತ ನೀವೇ ಪತ್ತೆ ಮಾಡಿ ಹೇಳ್ಬೇಕು. ಅವರು ಬುಧವಾರದಿಂದ ಪಾರ್ಸೆಲ್ ಶೆಡ್ಡು. ಪತ್ತೆ ಆಗ್ಲಿಲ್ಲ ಅಂದ್ರೆ ಇಬ್ಬರೂ.’ ಗುಬ್ಬಿ, ಪಾರ್ಸೆಲ್ ಶೆಡ್ಡು ನಿನಗೆ ಗೊತ್ತಿಲ್ಲ. ಕಿಟಕಿಯಿಲ್ಲ, ದಿನವಿಡೀ ಮೂಟೆ ಎತ್ತಿ ತಕ್ಕಡಿಯ ಮೇಲಿಟ್ಟು ತೂಕ ಕೂಗಬೇಕು. ನನ್ನ ಮೊಣಕಾಲು ಹಾಗಿರಲಿ. ‘ನಂದು ಸಿಕ್ತಾ’ ಎಂದು ಕಿಟಕಿಯಲ್ಲಿ ಇಣುಕುವ ಮುಖಕ್ಕೆ ‘ಸಿಕ್ತು’ ಎಂದು ಹೇಳುವ ಸುಖ ಇದೆಯಲ್ಲ, ಇಪ್ಪತ್ತು ವರ್ಷ ಅದರಲ್ಲೇ ಬದುಕಿದ್ದೇನೆ. ಮೂಟೆಗಳು ಇಣುಕುವುದಿಲ್ಲ.

ಆದ್ದರಿಂದ ಎರಡು ಗಂಟೆಯವರನ್ನು ಹಿಡಿದು ಹಾಕುವುದೆಂದು ತೀರ್ಮಾನಿಸಿದೆ. ನೀನು ಬಿಟ್ಟುಹೋದ ಕಂಪ್ಯೂಟರ್ ಪಾಠದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ‘ಇದನ್ನು ಈಗಲೇ ಮುಟ್ಟಬೇಡ ಮಾವ’ ಎಂದು ಮೇಲೆ ಬರೆದಿದ್ದೆಯಲ್ಲ, ಅದನ್ನು ನೀನು ಹೋದ ದಿನವೇ ಮುಟ್ಟಿದ್ದೆ. ಪಟ್ಟಿ ಇರುವ ಕಂಪ್ಯೂಟರಿನ ಫೈಲನ್ನು, ಅದಕ್ಕೆ ಪುಸ್ತಕ ಎನ್ನುತ್ತೀರಲ್ಲ, ಅದನ್ನು ಮುಚ್ಚಲು ಹೋದಾಗ ಅದು ಮುಚ್ಚಿಕೊಳ್ಳುವ ಮುಂಚೆ ಒಂದು ಕ್ಷಣ ನಿಂತು ನಮ್ಮ ಅಪ್ಪಣೆ ಏನಾದರೂ ಇದೆಯೇ ಎಂದು ನೋಡುತ್ತದೆ, ಆ ಕ್ಷಣಕ್ಕೆ ಬಿಫೋರ್ ಕ್ಲೋಸ್ ಎಂದು ಹೆಸರು ಎಂದು ಬರೆದಿದ್ದೆ. ನನಗೆ ಅರ್ಥವಾದದ್ದು ಹೀಗೆ: ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ಕೂರಿಸಬಹುದು. ಅವನಿಗೆ ಹೇಳಬೇಕಾದದ್ದನ್ನು ಕೋಡ್ ಬರೆಯುವ ಕಿಟಕಿಯಲ್ಲಿ ಬರೆದಿಟ್ಟರೆ ಆಯಿತು. ಮೊದಲ ದಿನ ಬರೆದು ಉಳಿಸಿ ಮನೆಗೆ ಹೋದೆ, ಮರುದಿನ ನೋಡಿದರೆ ಕಾವಲುಗಾರನೇ ಪತ್ತೆಯಿಲ್ಲ. ಮ್ಯಾಕ್ರೋ ಇರುವ ಪುಸ್ತಕವನ್ನು ಬೇರೆಯೇ ಬಗೆಯಲ್ಲಿ ಉಳಿಸಬೇಕು ಎಂದು ನೀನು ಹಾಳೆಯ ಹಿಂಬದಿಯಲ್ಲಿ ಬರೆದಿದ್ದೆ. ಹಿಂಬದಿಯಲ್ಲಿ ಬರೆದರೆ ಯಾರು ನೋಡುತ್ತಾರೆ? ಎರಡನೇ ದಿನ ‘ಕ್ಯಾನ್ಸಲ್ ಈಕ್ವಲ್ಸ್ ಟ್ರೂ’ ಎಂಬ ಸಾಲಿನ ಜೊತೆ ಗುದ್ದಾಡಿದೆ. ಕ್ಯಾನ್ಸಲ್ ಎಂದರೆ ರದ್ದು, ಟ್ರೂ ಎಂದರೆ ನಿಜ, ನಿಜವಾಗಿಯೂ ರದ್ದು. ಆದರೆ ಏನು ರದ್ದು? ಕಾವಲು ರದ್ದೋ, ಬರೆದದ್ದು ರದ್ದೋ? ಕೊನೆಗೆ ಬಸ್ಸಿನಿಂದ ಹೊಳೆಯಿತು. ಬೋರ್ಡಿನಲ್ಲಿ ‘ರದ್ದು’ ಎಂದು ಬಿದ್ದರೆ ಬಸ್ಸು ಹೊರಡುವುದಿಲ್ಲ. ಹಾಗೆಯೇ ಇಲ್ಲಿ ರದ್ದಾಗುವುದು ಮುಚ್ಚುವಿಕೆ. ಇಷ್ಟನ್ನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನೊಬ್ಬ ಯಾರ ಸಹಾಯವೂ ಇಲ್ಲದೆ ಕಂಡುಕೊಂಡ ಎನ್ನುವುದನ್ನು ನಿನ್ನ ಜೊತೆಯವರಿಗೆಲ್ಲ ಹೇಳು.

ನನ್ನ ಕಾವಲುಗಾರ ಹೀಗಿದ್ದ. ಪಟ್ಟಿಯ ಮೇಲ್ಗಡೆ ಒಂದು ಹಳದಿ ಚೌಕ. ಕೆಲಸ ಮುಗಿಸಿದವರು ಅದರಲ್ಲಿ ಒಂದು ಪದ ಬರೆಯಬೇಕು. ಪದ ಸರಿಯಿದ್ದರೆ ಕಾವಲುಗಾರ ತಾನೇ ಎಲ್ಲವನ್ನೂ ಉಳಿಸಿ, ಇನ್ನೊಂದು ಹಾಳೆಯಲ್ಲಿ ಗಂಟೆಯನ್ನೂ ಪಟ್ಟಿಯ ಕೊನೆಯ ನಂಬರನ್ನೂ ಗುರುತು ಹಾಕಿ, ಬಾಗಿಲು ಬಿಡುತ್ತಾನೆ. ಸರಿಯಿಲ್ಲದಿದ್ದರೆ ಬರೆಯಬೇಕಾದ ಪದವನ್ನು ಒಂದು ಪೆಟ್ಟಿಗೆಯಲ್ಲಿ ತೋರಿಸಿ, ಮುಚ್ಚುವುದನ್ನು ರದ್ದು ಮಾಡುತ್ತಾನೆ. ಮರುದಿನ ಪುಸ್ತಕ ತೆರೆದಾಗ ಚೌಕ ತಾನಾಗಿ ಖಾಲಿಯಾಗಿರುತ್ತದೆ. ಯಾರು ಹೋಗುವಾಗ ಎಷ್ಟಿತ್ತು, ಬರುವಾಗ ಎಷ್ಟಾಯಿತು, ಎಲ್ಲ ಬಯಲು. ಮೊದಲು ‘ಓಕೆ’ ಎಂಬ ಇಂಗ್ಲಿಷ್ ಅಕ್ಷರ ಇಟ್ಟು ಪರೀಕ್ಷೆ ಮಾಡಿದೆ, ಗಡಿಯಾರದ ಹಾಗೆ ನಡೆಯಿತು. ಆಮೇಲೆ ಅನ್ನಿಸಿತು, ನಮ್ಮ ಬಾಗಿಲಲ್ಲಿ ನಿಂತವನಿಗೆ ನಮ್ಮ ಭಾಷೆ ಯಾಕಿರಬಾರದು? ‘ಓಕೆ’ ತೆಗೆದು ‘ಮುಗಿಯಿತು’ ಎಂದು ಇಟ್ಟೆ. ಕೋಡಿನ ಕಿಟಕಿಯಲ್ಲಿ ಆ ಪದ ಕಾಣಿಸಲಿಲ್ಲ, ಬರೇ ಪ್ರಶ್ನೆಚಿಹ್ನೆಗಳು ಸಾಲಾಗಿ ನಿಂತವು. ಎಷ್ಟು ಖುಷಿಯಾಯಿತು ಗೊತ್ತೇ? ಗುಟ್ಟಿನ ಪದ ಹೊಡೆದಾಗ ಚುಕ್ಕಿ ಚುಕ್ಕಿ ಬರುತ್ತದಲ್ಲ, ಹಾಗೆ ಇದು ನನ್ನ ಪದವನ್ನು ಗುಟ್ಟಾಗಿ ಮುಚ್ಚಿಟ್ಟುಕೊಂಡಿದೆ, ಎಂಥ ನಿಯತ್ತಿನ ಯಂತ್ರ ಎಂದು ಅದರ ಬೆನ್ನು ತಟ್ಟಿದೆ.

ಅದು ಸೋಮವಾರ. ನಮ್ಮಲ್ಲಿ ಒಬ್ಬರ ಪಾಳಿ ಮುಗಿದಾಗ ಪುಸ್ತಕ ಮುಚ್ಚಿ, ಇನ್ನೊಬ್ಬರು ತೆರೆಯುವುದು ಕ್ರಮ. ಅವತ್ತು ಮಾತ್ರ ನಾನು ಮುಚ್ಚದೆ ತೆರೆದೇ ಬಿಟ್ಟೆ. ‘ನಿಮಗೆ ಅನುಕೂಲ ಆಗಲಿ ಅಂತ’ ಎಂದೆ. ಅವರು ನನ್ನನ್ನೊಮ್ಮೆ, ಮಾನಿಟರಿಗೆ ನಾನು ಅಂಟಿಸಿದ್ದ ಚೀಟಿಯನ್ನೊಮ್ಮೆ ನೋಡಿದರು. ‘ಮುಚ್ಚುವ ಮೊದಲು ಹಳದಿ ಚೌಕದಲ್ಲಿ ಮುಗಿಯಿತು ಎಂದು ಬರೆಯತಕ್ಕದ್ದು’ ಎಂದು ಬರೆದಿದ್ದೆ. ‘ತಕ್ಕದ್ದು’ ಅಂದರು ಅವರು, ಅಷ್ಟೇ. ಮರುದಿನ ಬೆಳಿಗ್ಗೆ ಬಂದು ನೋಡಿದೆ. ಪುಸ್ತಕ ಚೊಕ್ಕವಾಗಿ ಮುಚ್ಚಿತ್ತು. ಗುರುತಿನ ಹಾಳೆಯಲ್ಲಿ ಎಂಟು ಗಂಟೆ ಎರಡು ನಿಮಿಷ ಎಂದು ದಾಖಲಾಗಿತ್ತು. ಒಂದೂ ವಸ್ತು ಮಾಯವಾಗಿರಲಿಲ್ಲ. ಸಿಕ್ಕಿಬೀಳುವ ಭಯಕ್ಕೆ ಅವತ್ತು ಏನನ್ನೂ ಅಳಿಸಿಲ್ಲ, ಅಂತೂ ನನ್ನ ಕಾವಲುಗಾರ ಗೆದ್ದ ಎಂದುಕೊಂಡು ಹೊಸ ಶರ್ಟಿನ ಕಾಲರು ಸರಿಮಾಡಿಕೊಂಡೆ. ಮಂಗಳವಾರ ಮ್ಯಾನೇಜರರು ಬರುತ್ತಾರಲ್ಲ, ಅದಕ್ಕೇ ಹೊಸ ಶರ್ಟು.

ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷ ಇರುವಾಗ ಹಳದಿ ಚೌಕದಲ್ಲಿ ಠೀವಿಯಿಂದ ‘ಮುಗಿಯಿತು’ ಎಂದು ಹೊಡೆದು, ಮೂಲೆಯಲ್ಲಿರುವ, ಮುಚ್ಚುವ ಇಂಟು ಗುರುತನ್ನು ಒತ್ತಿದೆ. ಒಂದು ಪೆಟ್ಟಿಗೆ ಬಂತು. ಅದರಲ್ಲಿ ಪ್ರಶ್ನೆಚಿಹ್ನೆಗಳು. ಬೇರೆ ಒಂದಕ್ಷರವಿಲ್ಲ. ಪುಸ್ತಕ ಮುಚ್ಚಲಿಲ್ಲ. ಕಾಗುಣಿತ ತಪ್ಪಿರಬೇಕೆಂದು ಅಳಿಸಿ ಮತ್ತೆ ಹೊಡೆದೆ. ಪ್ರಶ್ನೆ. ‘ಮುಗೀತು’ ಎಂದೆ, ‘ಮುಗಿದಿದೆ’ ಎಂದೆ, ‘ಮುಗಿಯಿತಪ್ಪಾ ಬಿಡು’ ಎಂದೂ ಹೊಡೆದೆ. ಅದೇ ಪ್ರಶ್ನೆ. ನನ್ನ ಕಾವಲುಗಾರ ನನ್ನನ್ನೇ ಗುರುತು ಹಿಡಿಯದೆ ಬಾಗಿಲಿಗೆ ಅಡ್ಡ ಕೂತಿದ್ದಾನೆ, ಇನ್ನರ್ಧ ಗಂಟೆಯಲ್ಲಿ ಮ್ಯಾನೇಜರರು ಬರುತ್ತಾರೆ. ಎರಡು ಹೊಡೆಯಿತು. ಹೊಸ್ತಿಲಲ್ಲಿ ಚಪ್ಪಲಿ. ಅವರು ಹಿಂದೆ ಬಂದು ನಿಂತು ಸ್ವಲ್ಪ ಹೊತ್ತು ನೋಡಿದರು. ‘ಮುಗೀತಾ?’ ಅಂದರು. ‘ಮುಗೀತಾ ಇಲ್ಲ’ ಎಂದೆ. ‘ಸ್ವಲ್ಪ ಸರೀರಿ’ ಎಂದು ಹೇಳಿ, ನನ್ನ ಭುಜದ ಮೇಲಿಂದ ಕೈ ಚಾಚಿ, ಹಳದಿ ಚೌಕದಲ್ಲಿ ಒಂದಾದಮೇಲೊಂದು ಎಂಟು ಪ್ರಶ್ನೆಚಿಹ್ನೆ ಹೊಡೆದು ಇಂಟು ಗುರುತು ಒತ್ತಿದರು. ಪುಸ್ತಕ ಮಗುವಿನ ಹಾಗೆ ಕಣ್ಣು ಮುಚ್ಚಿತು.

ಅವರು ಬ್ಯಾಗು ಇಟ್ಟು ಕೂತರು. ‘ನಿನ್ನೆ ನನಗೂ ಹೀಗೇ ಆಯ್ತು. ನಿಮ್ಮ ತಕ್ಕದ್ದು ಮೂರು ಸಲ ಬರೆದೆ, ಬಿಡ್ಲಿಲ್ಲ. ಆಮೇಲೆ ಪೆಟ್ಟಿಗೇಲಿ ಎಷ್ಟು ಪ್ರಶ್ನೆ ಇದೆ ಅಂತ ಎಣಿಸಿದೆ. ಇದಕ್ಕೆ ಕನ್ನಡ ಬರಲ್ಲ ಕಣ್ರೀ, ನೀವು ಕೊಟ್ಟ ಪದ ನುಂಗಿ ಪ್ರಶ್ನೆ ಕಕ್ಕಿದೆ. ಅದಕ್ಕೆ ಗೊತ್ತಿರೋದೇ ಎಂಟು ಪ್ರಶ್ನೆ, ಅದನ್ನೇ ವಾಪಸ್ ಕೊಟ್ಟೆ.’ ನಾಲ್ಕು ಅಕ್ಷರದ ಪದಕ್ಕೆ ಎಂಟು ಯಾಕೆ ಎಂದು ನಾನು ತಕರಾರು ತೆಗೆದೆ. ಸೋತವನಿಗೆ ತಕರಾರಾದರೂ ಬೇಕಲ್ಲ. ಅವರು ಬೆರಳು ಮಡಚಿ ತೋರಿಸಿದರು: ಮ, ಅದರ ಕೊಂಬು, ಗ, ಅದರ ಗುಡಿಸು, ಯ, ಅದರ ಗುಡಿಸು, ತ, ಅದರ ಕೊಂಬು. ಕೊಂಬು ಗುಡಿಸುಗಳನ್ನೂ ಬೇರೆ ಬೇರೆ ಎಣಿಸುತ್ತದಂತೆ. ಗುಬ್ಬಿ, ಮ್ಯಾಕ್ರೋ ಎಂಬ ಪದವನ್ನೇ ಕೇಳಿರದ ಹೆಂಗಸು, ನಾನು ಆರು ದಿನ ಕೂತು ಕಟ್ಟಿದ ಬೀಗವನ್ನು ಒಂದನೇ ಕ್ಲಾಸಿನ ಕಾಗುಣಿತದಿಂದ ತೆಗೆದಿದ್ದರು.

ಮಾನ ಉಳಿಸಿಕೊಳ್ಳಲು ನಾನು ಅಂದೆ, ‘ಇದೆಲ್ಲ ತಾಪತ್ರಯ ನಿಮ್ಮಿಂದಲೇ. ಮೊದಲು ಎಷ್ಟು ಸಲೀಸಾಗಿತ್ತು. ಮುಚ್ಚುವಾಗ ಅದು ಪ್ರಶ್ನೆ ಕೇಳೋದು, ನಾನು ಬೇಡ ಅನ್ನೋದು, ಮನೆಗೆ ಹೋಗೋದು.’ ಅವರು ಕತ್ತೆತ್ತಿದರು. ‘ಏನು ಬೇಡ ಅಂತಿದ್ರಿ?’ ‘ಚೇಂಜಸ್ ಉಳಿಸ್ಬೇಕಾ ಅಂತ ಕೇಳತ್ತಲ್ಲ, ಅದಕ್ಕೆ.’ ‘ಯಾಕೆ ಬೇಡ ಅಂತಿದ್ರಿ?’ ‘ಚೇಂಜ್ ಅಂದ್ರೆ ಬದಲಾವಣೆ. ನಾನ್ಯಾಕೆ ಬದಲಾವಣೆ ಮಾಡ್ಲಿ? ರಿಜಿಸ್ಟರು ತಿದ್ದೋ ಬುದ್ಧಿ ನಮ್ಮ ವಂಶದಲ್ಲೇ ಇಲ್ಲ.’ ಇದನ್ನು ಎದೆ ಸೆಟೆಸಿಕೊಂಡೇ ಹೇಳಿದೆ. ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಒಂದು ಗೀಟು ತಿದ್ದಿದವನನ್ನೂ ಬಿಸಿಲಿಗೆ ನಿಲ್ಲಿಸುತ್ತಿದ್ದರು. ಬರೆದ ದಾಖಲೆಯನ್ನು ಬದಲಾಯಿಸುವುದು ಕಳ್ಳತನ ಎಂದು ಅವರು ಕಲಿಸಿದ್ದು. ಯಂತ್ರ ದಿನಾ ‘ಬದಲಾವಣೆ ಮಾಡಿದ್ದೀಯಾ, ಇಟ್ಟುಕೊಳ್ಳಲೇ’ ಎಂದು ನನ್ನನ್ನು ಪರೀಕ್ಷೆ ಮಾಡುತ್ತಿದೆ, ನಾನು ದಿನಾ ಪಾಸಾಗುತ್ತಿದ್ದೇನೆ ಎಂದುಕೊಂಡಿದ್ದೆ. ಹೊಸ ಸಾಲು ಬರೆಯುವುದೂ ಅದರ ಲೆಕ್ಕದಲ್ಲಿ ಬದಲಾವಣೆಯೇ ಎಂದು ಯಾರು ಹೇಳಿದ್ದರು? ನೀನು ಹೇಳಿಕೊಟ್ಟಂತೆ ಹತ್ತು ವಸ್ತುವಿಗೊಮ್ಮೆ ಉಳಿಸುವ ಗುಂಡಿ ಒತ್ತುತ್ತಿದ್ದೆ. ಕೊನೆಯ ಹತ್ತು ತುಂಬದೆ ಉಳಿದ ಎರಡು ಮೂರು ಸಾಲುಗಳನ್ನು ನಾನೇ, ನನ್ನ ಕೈಯಾರೆ, ದಿನಾ ಪ್ರಾಮಾಣಿಕವಾಗಿ ಎಸೆಯುತ್ತಿದ್ದೆ.

ಹೇಳುತ್ತ ಹೇಳುತ್ತಲೇ ನನಗೆ ಗೊತ್ತಾಯಿತು. ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ‘ನೀವು ಬರೆಯೋದನ್ನೇ ಮರೀತೀರಿ ಅಂದ್ಕೊಂಡಿದ್ದೆ’ ಅಂದರು. ‘ದಿನಾ ಬಂದ ತಕ್ಷಣ ಚೀಟಿ ಹಿಡ್ಕೊಂಡು ರ‍್ಯಾಕ್ ನೋಡ್ತಿದ್ದೆ. ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ಮತ್ತೆ ತುಂಬ್ತಿದ್ದೆ. ಗುರುವಾರ ನನಗೆ ರಜಾ, ಮಧ್ಯಾಹ್ನ ಕೋಣೆಗೆ ಬೀಗ. ಶುಕ್ರವಾರ ಬೆಳಿಗ್ಗೆ ನೀವು ಅದೇ ನಂಬರನ್ನ ಇನ್ನೊಂದಕ್ಕೆ ಕಟ್ತಿದ್ರಿ. ನಂಬರು ಪಟ್ಟಿಯಲ್ಲಿ ಇರೋದು ನೋಡಿ ನಾನೂ ಮುಂದೆ ಹೋಗ್ತಿದ್ದೆ. ಕತ್ತರಿ ಗುರುವಾರದ್ದು. ಐದೂ ಗುರುವಾರದ್ದೇ.’ ಹಾಗಾದರೆ ಇಷ್ಟು ದಿನ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಛತ್ರಿಗಳ ಕಡೆ ನೋಡಿಕೊಂಡು ಹೇಳಿದರು, ‘ಕಿಟಕಿಗೆ ಬಂದವರ ವಸ್ತು ಸಿಕ್ಕಾಗ ನೀವು ಸಿಕ್ತು ಅಂತೀರಲ್ಲ, ಅದು ಹೊರಗೆ ಬೆಂಚಿನ ತನಕ ಕೇಳ್ಸುತ್ತೆ. ನಾನು ದಿನಾ ಒಂದೂಮುಕ್ಕಾಲಿಗೇ ಬಂದು ಅಲ್ಲಿ ಕೂತಿರ್ತೀನಿ. ಶೆಡ್ಡಿನಲ್ಲಿ ನೀವು ಬರೀ ತೂಕ ಕೂಗ್ಬೇಕಾಗುತ್ತೆ.’

ಮ್ಯಾನೇಜರರು ಎರಡೂವರೆಗೆ ಸರಿಯಾಗಿ ಬಂದರು. ‘ಪತ್ತೆ ಆಯ್ತಾ?’ ಎರಡು ಗಂಟೆಯವರು ನನಗಿಂತ ಮುಂಚೆ ಎದ್ದು, ‘ಯಂತ್ರದ್ದು ಸಾರ್, ಮುಚ್ಚುವಾಗ ಅದು ಕೆಲವು ಸಾಲು ಬಿಟ್ಟುಬಿಡ್ತಿತ್ತು’ ಎಂದು ಶುರು ಮಾಡಿದರು. ಗುಬ್ಬಿ, ಆ ದಾರಿ ನನಗೆ ಸಲೀಸಾಗಿ ತೆರೆದಿತ್ತು. ತಲೆಯಾಡಿಸಿದ್ದರೆ ಸಾಕಿತ್ತು. ನಾನು ಎಂಥವನು ಎಂದು ನಿನಗೆ ಗೊತ್ತು, ಬೇರೆ ದಿನವಾಗಿದ್ದರೆ ತಲೆಯಾಡಿಸಿ, ಯಂತ್ರವನ್ನು ಹಿಡಿದುಕೊಟ್ಟದ್ದು ನಾನೇ ಎಂದೂ ಸೇರಿಸುತ್ತಿದ್ದೆ. ಆದರೆ ಆ ಬೆಂಚು ಕಣ್ಣಿಗೆ ಕಟ್ಟಿತ್ತು. ‘ಯಂತ್ರದ್ದಲ್ಲ ಸಾರ್, ನಂದು’ ಎಂದೆ. ಎಲ್ಲವನ್ನೂ ಹೇಳಿದೆ, ಮೇಷ್ಟ್ರು, ಹಾಜರಿ ಪುಸ್ತಕ, ಬೇಡ ಬೇಡ ಎಂದದ್ದು, ಗುರುವಾರ. ಇವರು ದಿನಾ ನನ್ನ ಸಾಲುಗಳನ್ನು ತುಂಬಿದ್ದನ್ನೂ ಹೇಳಿದೆ. ನಾಳೆಯಿಂದ ಶೆಡ್ಡಿಗೆ ಹೋಗುತ್ತೇನೆ ಎಂದೂ ಹೇಳಿದೆ.

ಮ್ಯಾನೇಜರರು ಕುರ್ಚಿ ಎಳೆದುಕೊಂಡು, ‘ಎಲ್ಲಿ, ನಿಮ್ಮ ಕಾವಲುಗಾರನ್ನ ತೋರ್ಸಿ’ ಅಂದರು. ಪುಸ್ತಕ ತೆರೆದರು, ಸುಮ್ಮನೆ ಒಂದು ಸಾಲು ಹೊಡೆದರು, ಮುಚ್ಚಲು ಹೋದರು. ಕಾವಲುಗಾರ ಬಿಡಲಿಲ್ಲ. ಚೀಟಿ ನೋಡಿ ‘ಮುಗಿಯಿತು’ ಎಂದು ಹೊಡೆದರು, ಬಿಡಲಿಲ್ಲ. ಎರಡು ಸಲ ಕೆಮ್ಮಿದರು, ಅದಕ್ಕೂ ಬಿಡಲಿಲ್ಲ. ಎರಡು ಗಂಟೆಯವರು ಎಂಟು ಪ್ರಶ್ನೆಯ ಗುಟ್ಟು ಹೇಳಿಕೊಟ್ಟರು. ಪುಸ್ತಕ ಮುಚ್ಚಿದಾಗ ಮ್ಯಾನೇಜರರ ಮುಖ ನೋಡಬೇಕಿತ್ತು. ಮತ್ತೆ ತೆರೆದರು, ಮತ್ತೆ ಮುಚ್ಚಿದರು, ನಾಲ್ಕು ಸಲ ಹೀಗೆ ಆಡಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು ಅಂದರು, ‘ನಿಮ್ಮನ್ನ ಕಳಿಸಿ ಹೊಸಬರನ್ನ ಕೂರಿಸಿದ್ರೆ ಅವರೂ ಬೇಡ ಅಂತ ಒತ್ತಬಹುದು. ನೀವು ಇನ್ನು ಜನ್ಮದಲ್ಲಿ ಒತ್ತಲ್ಲ. ಇಲ್ಲೇ ಇರಿ. ಆದ್ರೆ ಇನ್ಮೇಲೆ ದಿನಾ ಒಂದೂವರೆಯಿಂದ ಎರಡೂವರೆ ತನಕ ಇಬ್ಬರೂ ಒಟ್ಟಿಗೆ ಕೂತು, ಒಬ್ಬರು ಚೀಟಿ ಓದ್ಬೇಕು, ಇನ್ನೊಬ್ಬರು ಪಟ್ಟಿ ನೋಡ್ಬೇಕು.’ ಶಿಕ್ಷೆ ಎಂದೇ ಹೇಳಿದರು, ಪಾಪ.

ಅವತ್ತೇ ನಾವಿಬ್ಬರೂ ಕೂತು ಕಾವಲುಗಾರನಿಗೆ ಬುದ್ಧಿ ಹೇಳಿದೆವು. ಪದದ ಉಸಾಬರಿಯೇ ಬೇಡ, ಹಳದಿ ಚೌಕ ಖಾಲಿಯಿಲ್ಲದಿದ್ದರೆ ಸಾಕು, ಉಳಿಸಿ ಮುಚ್ಚು ಎಂದು ಅವರು ಹೇಳಿದರು, ನಾನು ಬರೆದೆ. ಉಳಿಸಲೇ ಬೇಡವೇ ಎಂದು ಅದು ಈಗ ಯಾರನ್ನೂ ಕೇಳುವುದಿಲ್ಲ. ಚೌಕದಲ್ಲಿ ಯಾರು ಏನಾದರೂ ಬರೆಯಬಹುದು. ಅವರು ಒಂದು ದಿನ ‘ಹೋಗಿ ಬನ್ನಿ’ ಎಂದು ಬರೆದರೆ ನಾನು ಮರುದಿನ ‘ಬಂದೆ’ ಎಂದು ಬರೆಯುತ್ತೇನೆ. ದರ್ಜಿಯ ವಿಳಾಸ ಹುಡುಕಿ ಕತ್ತರಿಯನ್ನು ನಾನೇ ಹೋಗಿ ಕೊಟ್ಟುಬಂದೆ. ಅವನು ಅದನ್ನು ಕೈಗೆ ತೆಗೆದುಕೊಂಡು ಗಾಳಿಯಲ್ಲಿ ಎರಡು ಸಲ ಕತ್ತರಿಸಿ 'ಇದೇ' ಅಂದ. ಪಟ್ಟಿಯಲ್ಲಿ ಈಗ ಒಂದು ಸಾಲೂ ತಪ್ಪಿಲ್ಲ. ಬೇರೆ ನಿಲ್ದಾಣದಿಂದ ಇಬ್ಬರು ಬಂದು ನೋಡಿಕೊಂಡು ಹೋದರು. ಅವರಿಗೆ ನಾನೇ ವಿವರಿಸಿದೆ, ಸುಮಾರು ಒಂದು ಗಂಟೆ. ಮಧ್ಯೆ ಮಧ್ಯೆ ಎರಡು ಗಂಟೆಯವರು ಕೆಮ್ಮುತ್ತಿದ್ದರು.

ಮೇಲೆ ಕೂತು ಭಾರ ಎತ್ತುವಾಗ ಮನಸ್ಸು ಅಲ್ಲೇ ಇರಲಿ, ಮನೆಯ ಯೋಚನೆ ಊಟದ ಹೊತ್ತಿಗೆ ಇಟ್ಟುಕೋ. ನಿನ್ನ ಕೈ ಯಾವತ್ತೂ ಅದುರದಿರಲಿ, ನೀನು ಇಳಿಸಿದ್ದೆಲ್ಲ ಇಳಿಸಬೇಕಾದ ಜಾಗದಲ್ಲೇ ಇಳಿಯಲಿ, ನೂರು ಕಾಲ ಸುಖವಾಗಿರು. ನಿನ್ನ ಜೊತೆಯ ಕ್ರೇನಿನವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ಇಂತು ನಿನ್ನ
ಛತ್ರಿ ಮಾವ

ಮರೆತಿದ್ದೆ: ಲಕೋಟೆ ಅಂಟಿಸುವವನಿದ್ದೆ, ಅಷ್ಟರಲ್ಲಿ ಒಂದೂವರೆಯಾಗಿ ಎರಡು ಗಂಟೆಯವರು ಬಂದು ‘ಮುಖ್ಯವಾದದ್ದನ್ನ ಬರೆದ್ರಾ’ ಎಂದು ಕೇಳಿ ಹಿಂದೆಯೇ ನಿಂತಿದ್ದಾರೆ, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ತಿಂಗಳ ಆರನೇ ತಾರೀಕು, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ನೋಂದಣಿ ಕಚೇರಿಯಲ್ಲಿ ನಾವಿಬ್ಬರೂ ಮದುವೆಯಾಗುತ್ತಿದ್ದೇವೆ. ನನಗೆ ಐವತ್ತೊಂದು, ಅವರಿಗೆ ನಲವತ್ತೇಳು, ಇಬ್ಬರಿಗೂ ಬುದ್ಧಿ ಬಂದಿದೆ ಎಂದು ಹೇಳುತ್ತಾರೆ. ಕೇಳಿದ್ದು ನಾನಲ್ಲ, ಅವರು. ನಾನು ಹೂಂ ಎನ್ನಲು ಮೂರು ದಿನ ತೆಗೆದುಕೊಂಡೆ, ಬೆಲೆ ಬರಲಿ ಎಂದು. ನಿನ್ನಮ್ಮನಿಗೆ ಇನ್ನೂ ಹೇಳಿಲ್ಲ. ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಮೊಣಕಾಲಿನ ಬಗ್ಗೆ ಮಾತಾಡಿ ಎದ್ದುಬಂದೆ. ನೀನು ಹೇಳಿದರೆ ಕೇಳುತ್ತಾಳೆ, ಈ ಕಾಗದ ತಲುಪಿದ ದಿನವೇ ಫೋನ್ ಮಾಡು, ಬೈಗುಳ ಬಂದರೆ ನನ್ನ ಪಾಲಿನದನ್ನು ಜೋಪಾನವಾಗಿಡು, ಬಂದು ತೆಗೆದುಕೊಳ್ಳುತ್ತೇನೆ. ಸಾಕ್ಷಿಗೆ ಮೂರು ಸಹಿ ಬೇಕಂತೆ. ಮ್ಯಾನೇಜರರು ಒಂದು ಹಾಕುತ್ತಾರೆ, ನಿನ್ನಮ್ಮ ಒಂದು ಹಾಕುವ ಹಾಗೆ ನೀನು ಮಾಡುತ್ತೀಯ. ಮೂರನೆಯದರ ಮುಂದೆ ಅವರು ನಿನ್ನ ಹೆಸರು ಬರೆಸಿಬಿಟ್ಟಿದ್ದಾರೆ. ರಜೆ ಸಿಗಲಿಲ್ಲ ಎಂದು ಬರೆಯಬೇಡ, ಆ ಹೆಸರನ್ನು ತಿದ್ದುವವರು ನಮ್ಮಲ್ಲಿ ಯಾರೂ ಇಲ್ಲ.